ಮಗ್ಗದ ಮನೆಯಿಂದ ಆನ್‌ಲೈನ್ ಅಂಗಡಿ: ಸೀರೆಯ ಫೋಟೋದಿಂದ ಖಾತೆಗೆ ಹಣ ಸೇರುವವರೆಗೆ

ಇಳಕಲ್ ಸೀರೆಯಲ್ಲಿ ಮೈಯ ಹಾಸು (ಉದ್ದಕ್ಕೆ ಹಾಯುವ ಎಳೆ) ಬೇರೆ, ಸೆರಗಿನ ಹಾಸು ಬೇರೆ. ಮೈಯ ಎಳೆ ಮುಗಿದು ಸೆರಗಿನ ಕೆಂಪು ಎಳೆ ಆರಂಭವಾಗುವ ಜಾಗದಲ್ಲಿ ಒಂದೊಂದು ಎಳೆಯನ್ನೂ ಕೊಂಡಿ ಹಾಕಿ ಕೂಡಿಸಬೇಕು. ತೋಪು ತೆನೆ ಎಂದು ಕರೆಯುವ ಈ ಸೀರೆಯ ಸೆರಗು ನಿಲ್ಲುವುದೇ ಆ ಕೊಂಡಿಗಳ ಬಲದಿಂದ. ನಮ್ಮ ಚಿಗವ್ವನ ಮನೆಯಲ್ಲಿ ಎರಡು ಮಗ್ಗಗಳಿವೆ. ಅಲ್ಲಿ ನೇಯ್ದ ಸೀರೆಗಳನ್ನು ನೇರವಾಗಿ ಗಿರಾಕಿಗಳಿಗೆ ಮುಟ್ಟಿಸಲು ಒಂದು ಸಣ್ಣ ಆನ್‌ಲೈನ್ ಅಂಗಡಿಯನ್ನು ಕಟ್ಟಿಕೊಡಲು ಕೂತಾಗ ನನಗೆ ಮನದಟ್ಟಾದದ್ದೂ ಇಂಥದೇ ಸಂಗತಿ. ಅಂಗಡಿಯ ಪುಟಗಳು ಎರಡು ಮೂರು ದಿನಗಳಲ್ಲಿ ಸಿದ್ಧವಾಗುತ್ತವೆ. ಗಿರಾಕಿಯ ಆರ್ಡರ್, ಅವರು ಕಟ್ಟಿದ ಹಣ, ನಮ್ಮ ಬ್ಯಾಂಕ್ ಖಾತೆ, ಈ ಮೂರೂ ಒಂದನ್ನೊಂದು ಸೇರುವ ಕಡೆಗಳಲ್ಲಿಯೇ ನಿಜವಾದ ಕೆಲಸವಿರುವುದು. ಅಲ್ಲಿ ಒಂದು ಎಳೆ ಬಿಟ್ಟುಹೋದರೂ ವ್ಯಾಪಾರ ಬಿಚ್ಚಿಕೊಳ್ಳುತ್ತದೆ. ಈ ಮಾರ್ಗದರ್ಶಿಯನ್ನು ಕೈಮಗ್ಗದ ಸೀರೆಯನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಬರೆದಿದ್ದೇನೆ. ಕೌದಿ ಹೊಲಿಯುವವರಿಗೂ ಮಡಕೆ ಮಾಡುವವರಿಗೂ ಹೆಚ್ಚಿನ ಭಾಗ ಹಾಗೆಯೇ ಅನ್ವಯಿಸುತ್ತದೆ.

ಮೊದಲು ಹೆಸರು ಮತ್ತು ಖಾತೆ

ಒಬ್ಬರೇ ನಡೆಸುವ ಸಣ್ಣ ವ್ಯಾಪಾರಕ್ಕೆ ಕಂಪನಿ ನೋಂದಣಿಯ ಅಗತ್ಯವಿಲ್ಲ. ಏಕವ್ಯಕ್ತಿ ಮಾಲೀಕತ್ವದಲ್ಲಿ ಮಾಲೀಕರ ಪ್ಯಾನ್ ಸಂಖ್ಯೆಯೇ ವ್ಯಾಪಾರದ ಪ್ಯಾನ್ ಸಂಖ್ಯೆ. ಅದರ ಜೊತೆಗೆ ಸಣ್ಣ ಉದ್ಯಮಗಳಿಗೆಂದು ಇರುವ ಕೇಂದ್ರ ಸರ್ಕಾರದ ಉದ್ಯಮ್ ನೋಂದಣಿಯನ್ನು ಮಾಡಿಸಿಕೊಳ್ಳುವುದು ಒಳ್ಳೆಯದು. 2020ರ ಜುಲೈ 1ರಿಂದ ಜಾರಿಯಲ್ಲಿರುವ ಈ ನೋಂದಣಿಯನ್ನು ಆಧಾರ್ ಸಂಖ್ಯೆಯಿಂದ ಮನೆಯಲ್ಲಿಯೇ ಕೂತು ಮಾಡಬಹುದು ಮತ್ತು ಅದಕ್ಕೆ ಒಂದು ರೂಪಾಯಿಯೂ ಶುಲ್ಕವಿಲ್ಲ. ಹುಡುಕಿದಾಗ ಮೇಲೆ ಮೇಲೆ ಕಾಣಿಸಿಕೊಂಡು ಸಾವಿರಾರು ರೂಪಾಯಿ ಕೇಳುವ ಖಾಸಗಿ ತಾಣಗಳು ಬಹಳ ಇವೆ. ವಿಳಾಸದ ಕೊನೆಯಲ್ಲಿ ಸರ್ಕಾರಿ ತಾಣದ ಗುರುತು (.gov.in) ಇದೆಯೇ ಎಂದು ನೋಡಿಯೇ ಮುಂದುವರಿಯಬೇಕು.

ಈ ಪ್ರಮಾಣಪತ್ರ ಕೈಯಲ್ಲಿದ್ದರೆ ಬ್ಯಾಂಕಿನಲ್ಲಿ ವ್ಯಾಪಾರದ ಹೆಸರಿಗೆ ಚಾಲ್ತಿ ಖಾತೆ ತೆರೆಯುವುದು ಸುಲಭವಾಗುತ್ತದೆ. ಮನೆಯ ಉಳಿತಾಯ ಖಾತೆಗೇ ಗಿರಾಕಿಗಳ ಹಣ ಹಾಕಿಸಿಕೊಳ್ಳುವ ಅಭ್ಯಾಸ ಎಷ್ಟು ಸಾಮಾನ್ಯವೋ ಅಷ್ಟೇ ಅಪಾಯಕಾರಿ. 2025ರ ಜುಲೈನಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆಯು ಯುಪಿಐ ಮೂಲಕ ಬಂದ ಹಣದ ಮಾಹಿತಿಯನ್ನು ಆಧರಿಸಿ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳುಹಿಸಿದಾಗ ಬೇಕರಿ, ಟೀ ಅಂಗಡಿಯವರೂ ಕಂಗಾಲಾದದ್ದು ಅನೇಕರಿಗೆ ನೆನಪಿರಬಹುದು. ಮಗಳ ಮದುವೆಗೆಂದು ಅಣ್ಣ ಕೊಟ್ಟ ಕೈಗಡವೂ ಅಂಗಡಿಯ ಮಾರಾಟದ ಹಣವೂ ಒಂದೇ ಖಾತೆಗೆ ಬಂದು ಬಿದ್ದಿದ್ದರೆ ಯಾವುದು ಯಾವುದೆಂದು ನಾಲ್ಕು ವರ್ಷಗಳ ನಂತರ ಸಾಬೀತುಪಡಿಸುವುದು ಬಹಳ ಕಷ್ಟ. ಮೊದಲ ಸೀರೆ ಮಾರುವ ಮುನ್ನವೇ ಖಾತೆಯನ್ನು ಬೇರೆ ಮಾಡಿ.

ಹೆಸರಿನ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ. ಚಿಗವ್ವನ ಪ್ಯಾನ್ ಕಾರ್ಡಿನಲ್ಲಿ ಅಡ್ಡಹೆಸರು ಕೊನೆಯಲ್ಲಿತ್ತು, ಆಧಾರ್‌ನಲ್ಲಿ ಗಂಡನ ಹೆಸರು ನಡುವೆ ಸೇರಿತ್ತು, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಅಡ್ಡಹೆಸರೇ ಇರಲಿಲ್ಲ. ಗಿರಾಕಿಗಳು ಆನ್‌ಲೈನ್‌ನಲ್ಲಿ ಕಟ್ಟಿದ ಹಣವನ್ನು ನಮ್ಮ ಖಾತೆಗೆ ತಲುಪಿಸುವ ಪಾವತಿ ಕಂಪನಿಯ ಪರಿಶೀಲನೆಯಲ್ಲಿ ಅರ್ಜಿ ಎರಡು ಸಲ ಹಿಂದಕ್ಕೆ ಬಂತು. ಅರ್ಜಿ ಹಾಕುವ ಮೊದಲೇ ಮೂರೂ ದಾಖಲೆಗಳನ್ನು ಎದುರಿಗಿಟ್ಟುಕೊಂಡು ಅಕ್ಷರ ಅಕ್ಷರ ಹೋಲಿಸಿ, ತಪ್ಪಿದ್ದರೆ ಆಗಲೇ ತಿದ್ದಿಸಿಕೊಂಡರೆ ವಾರಗಟ್ಟಲೆ ಕಾಯುವುದು ಉಳಿಯುತ್ತದೆ.

ಜಿಎಸ್‌ಟಿ ಯಾರಿಗೆ, ಯಾವಾಗ

ಇದು ಹೆಚ್ಚು ಜನ ತಪ್ಪಾಗಿ ತಿಳಿದುಕೊಂಡಿರುವ ವಿಷಯ, ಆದ್ದರಿಂದ ನಿಧಾನವಾಗಿ ಹೇಳುತ್ತೇನೆ. ಕರ್ನಾಟಕದೊಳಗೆ ಮಾತ್ರ ಸರಕು ಮಾರುವವರ ವಾರ್ಷಿಕ ವಹಿವಾಟು ₹40 ಲಕ್ಷ ದಾಟುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. ಸೇವೆ ಒದಗಿಸುವವರಿಗೆ ಈ ಮಿತಿ ₹20 ಲಕ್ಷ. ಆದರೆ ಆನ್‌ಲೈನ್ ಅಂಗಡಿಗೆ ಗಡಿ ಎಂಬುದಿಲ್ಲ. ಮೊದಲ ವಾರದಲ್ಲಿಯೇ ಸೊಲ್ಲಾಪುರದಿಂದಲೋ ಪುಣೆಯಿಂದಲೋ ಆರ್ಡರ್ ಬರುತ್ತದೆ, ಮತ್ತು ಬೇರೆ ರಾಜ್ಯಕ್ಕೆ ತೆರಿಗೆಯುಳ್ಳ ಸರಕನ್ನು ಮಾರುವವರು, ವಹಿವಾಟು ಎಷ್ಟೇ ಸಣ್ಣದಿದ್ದರೂ, ನೋಂದಣಿ ಮಾಡಿಸಿಕೊಂಡಿರಬೇಕೆಂಬುದು ಸಾಮಾನ್ಯ ನಿಯಮ. ‘ನಮ್ಮದು ನಲವತ್ತು ಲಕ್ಷದ ಒಳಗಿದೆ’ ಎಂಬ ಸಮಾಧಾನ ಅಲ್ಲಿಗೆ ಮುಗಿಯುತ್ತದೆ.

ಇದಕ್ಕೆ ಒಂದು ಮುಖ್ಯವಾದ ವಿನಾಯಿತಿ ಇದೆ. ಅಧಿಸೂಚನೆಯಲ್ಲಿ ಪಟ್ಟಿ ಮಾಡಿರುವ ಕರಕುಶಲ ಮತ್ತು ಕೈಮಗ್ಗದ ವಸ್ತುಗಳನ್ನು ಬೇರೆ ರಾಜ್ಯಗಳಿಗೆ ಮಾರುವವರ ಒಟ್ಟು ವಹಿವಾಟು ₹20 ಲಕ್ಷ ಮೀರದಿದ್ದರೆ ಅವರು ನೋಂದಣಿಯಿಲ್ಲದೆ ಮಾರಬಹುದು. ಪ್ಯಾನ್ ಸಂಖ್ಯೆ ಇರಬೇಕು ಮತ್ತು ಸರಕಿನ ಜೊತೆ ಇ-ವೇ ಬಿಲ್ (ಸರಕು ಸಾಗಣೆಗೆ ಆನ್‌ಲೈನ್‌ನಲ್ಲಿ ಮಾಡಿಕೊಳ್ಳುವ ಪತ್ರ) ಹೋಗಬೇಕು ಎಂಬ ಶರತ್ತುಗಳಿವೆ. ತಮ್ಮ ವಸ್ತು ಆ ಪಟ್ಟಿಯಲ್ಲಿ ಯಾವ ಸಾಲಿನಲ್ಲಿದೆ ಎಂಬುದನ್ನು ತೆರಿಗೆ ಸಲಹೆಗಾರರ ಬಳಿ ಒಮ್ಮೆ ಕೂತು ಖಚಿತಪಡಿಸಿಕೊಳ್ಳಬೇಕು. ಆ ಒಂದು ಭೇಟಿಗೆ ಕೊಡುವ ಶುಲ್ಕ ದಂಡವಾಗುವುದಿಲ್ಲ.

ದೊಡ್ಡ ಮಾರಾಟ ತಾಣಗಳಲ್ಲಿ ನೋಂದಣಿಯಿಲ್ಲದವರೂ ತಮ್ಮ ರಾಜ್ಯದೊಳಗೆ ಮಾರಲು 2023ರ ಅಕ್ಟೋಬರ್ 1ರಿಂದ ಅವಕಾಶವಿದೆ. ಅದಕ್ಕೆ ಜಿಎಸ್‌ಟಿ ತಾಣದಲ್ಲಿ ಒಂದು ದಾಖಲಾತಿ ಸಂಖ್ಯೆ ಪಡೆದುಕೊಳ್ಳಬೇಕು. ರಾಜಿ ತೆರಿಗೆ ಪದ್ಧತಿಯಲ್ಲಿರುವವರು, ಅಂದರೆ ವಹಿವಾಟಿನ ಮೇಲೆ ಸಣ್ಣ ದರದಲ್ಲಿ ಸರಳವಾಗಿ ತೆರಿಗೆ ಕಟ್ಟುವ ಕಾಂಪೊಸಿಷನ್ ವ್ಯವಸ್ಥೆಯವರು, ಬೇರೆ ರಾಜ್ಯಕ್ಕೆ ಮಾರುವಂತಿಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ದೇಶದೆಲ್ಲೆಡೆ ಮಾರುವ ಉದ್ದೇಶವಿರುವವರು ಆರಂಭದಲ್ಲಿಯೇ ನೋಂದಣಿ ಮಾಡಿಸಿಕೊಳ್ಳುವುದು ಮೇಲು. ನೋಂದಣಿಗೆ ಶುಲ್ಕವಿಲ್ಲ, ಹೊಲಿಯದ ಕೈಮಗ್ಗದ ಸೀರೆಯ ಮೇಲೆ ತೆರಿಗೆ 5% ಮಾತ್ರ, ಮತ್ತು ಪಾವತಿ ಕಂಪನಿಗೆ ಕಟ್ಟುವ ಜಿಎಸ್‌ಟಿಯನ್ನು ಹೂಡುವಳಿ ತೆರಿಗೆ ಜಮೆಯಾಗಿ, ಅಂದರೆ ನಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವ ಮೂಲಕ ಪಡೆಯಬಹುದು. ಆದರೆ ಮಾರಾಟವಿಲ್ಲದ ಅವಧಿಗೂ ಲೆಕ್ಕಪತ್ರ (ರಿಟರ್ನ್) ಸಲ್ಲಿಸಲೇಬೇಕೆಂಬುದನ್ನು ಮರೆಯಬಾರದು. ನೋಂದಣಿ ಇಲ್ಲದವರು ಬಿಲ್ಲಿನಲ್ಲಿ ಜಿಎಸ್‌ಟಿ ಎಂದು ಬರೆದು ಹಣ ಪಡೆಯುವುದು ತಪ್ಪು.

ಅಂಗಡಿ ಎಲ್ಲಿ ಕಟ್ಟಬೇಕು

ಇಪ್ಪತ್ತು ಮೂವತ್ತು ಸೀರೆಗಳಷ್ಟೇ ಇರುವವರು ವಾಟ್ಸಾಪ್ ಬ್ಯುಸಿನೆಸ್‌ನಿಂದ ಆರಂಭಿಸುವುದರಲ್ಲಿ ತಪ್ಪೇನಿಲ್ಲ. ಅದು ಉಚಿತ, ಕ್ಯಾಟಲಾಗ್‌ನಲ್ಲಿ ಫೋಟೋ, ಬೆಲೆ, ವಿವರ ಹಾಕಬಹುದು, ಪಾವತಿಗೆ ಲಿಂಕ್ ಕಳುಹಿಸಬಹುದು. ಮೂರ್ನಾಲ್ಕು ತಿಂಗಳು ಹೀಗೆ ನಡೆಸಿದರೆ ಗಿರಾಕಿಗಳು ಏನು ಕೇಳುತ್ತಾರೆ, ಯಾವ ಬಣ್ಣ ಬೇಗ ಹೋಗುತ್ತದೆ ಎಂಬುದು ತಿಳಿಯುತ್ತದೆ. ದಿನಕ್ಕೆ ಐದಾರು ಆರ್ಡರ್ ಬರತೊಡಗಿದಾಗ ಮಾತ್ರ ಹರಟೆಯ ನಡುವೆ ಆರ್ಡರ್ ಹುಡುಕುವುದು ಕಷ್ಟವಾಗುತ್ತದೆ.

ಸ್ವಂತ ತಾಣಕ್ಕೆ ಎರಡು ದಾರಿಗಳಿವೆ. ತಿಂಗಳ ಬಾಡಿಗೆ ಕಟ್ಟಿ ಸಿದ್ಧ ಅಂಗಡಿಯನ್ನು ಪಡೆಯುವುದು ಒಂದು. ಶಾಪಿಫೈ ಅಂತರರಾಷ್ಟ್ರೀಯವಾಗಿ ಹೆಸರಾದದ್ದು. ಬೆಂಗಳೂರಿನ ಇನ್‌ಸ್ಟಾಮೋಜೊ ಭಾರತದ ಸಣ್ಣ ಮಾರಾಟಗಾರರನ್ನು ಉದ್ದೇಶಿಸಿದ್ದು. ಶಾಪಿಫೈಯ ಸ್ವಂತ ಪಾವತಿ ವ್ಯವಸ್ಥೆ ಭಾರತದಲ್ಲಿ ಲಭ್ಯವಿಲ್ಲದ ಕಾರಣ ಹೊರಗಿನ ಪಾವತಿ ಕಂಪನಿಯನ್ನು ಜೋಡಿಸಬೇಕಾಗುತ್ತದೆ, ಆಗ ಆ ಕಂಪನಿಯ ಶುಲ್ಕದ ಮೇಲೆ ಶಾಪಿಫೈ ತನ್ನದೂ ಒಂದು ಶುಲ್ಕ ಸೇರಿಸುತ್ತದೆ ಎಂಬುದನ್ನು ಲೆಕ್ಕ ಹಾಕಿ ನೋಡಬೇಕು. ಇನ್ನೊಂದು ದಾರಿ ತಾಣ ಕಟ್ಟುವ ವರ್ಡ್‌ಪ್ರೆಸ್ ತಂತ್ರಾಂಶದ ಮೇಲೆ, ಅದನ್ನು ಅಂಗಡಿಯಾಗಿಸುವ ಉಚಿತ ವೂಕಾಮರ್ಸ್ ಹಾಕಿಕೊಳ್ಳುವುದು. ಇದರಲ್ಲಿ ತಾಣದ ವಿಳಾಸಕ್ಕೂ (ಡೊಮೈನ್) ತಾಣವನ್ನು ಇಡುವ ಜಾಗದ ಬಾಡಿಗೆಗೂ (ಹೋಸ್ಟಿಂಗ್) ಮಾತ್ರ ಖರ್ಚು, ಆದರೆ ಅಪ್‌ಡೇಟ್, ಬ್ಯಾಕಪ್, ಭದ್ರತೆ ಎಲ್ಲವೂ ನಮ್ಮ ತಲೆಯ ಮೇಲೆ. ಮನೆಯಲ್ಲಿ ಕಂಪ್ಯೂಟರ್ ಬಲ್ಲವರು ಒಬ್ಬರಾದರೂ ಇದ್ದರೆ ನಾನು ಎರಡನೆಯದನ್ನೇ ಸೂಚಿಸುತ್ತೇನೆ. ಇಲ್ಲವಾದರೆ ಬಾಡಿಗೆಯ ಅಂಗಡಿಯೇ ನೆಮ್ಮದಿ. ಯಾವುದನ್ನೇ ಆರಿಸಿದರೂ ತಾಣದ ವಿಳಾಸದ ನೋಂದಣಿ ನಿಮ್ಮ ಹೆಸರಿನಲ್ಲಿ, ನಿಮ್ಮ ಇಮೇಲ್‌ನಲ್ಲಿ ಇರಲಿ. ತಾಣ ಕಟ್ಟಿಕೊಟ್ಟವರ ಹೆಸರಿನಲ್ಲಿ ಉಳಿದರೆ ಮುಂದೆ ಅಂಗಡಿಯ ಬೀಗದ ಕೈ ಪರರ ಬಳಿ ಇದ್ದಂತೆ.

ಸೀರೆಯ ಪುಟ

ಫೋಟೋಗೆ ದುಬಾರಿ ಕ್ಯಾಮೆರಾ ಬೇಡ. ಬೆಳಿಗ್ಗೆ ಒಂಬತ್ತರಿಂದ ಹತ್ತೂವರೆಯ ನಡುವೆ, ಬಿಸಿಲು ನೇರವಾಗಿ ಬೀಳದ ಪಡಸಾಲೆಯಲ್ಲಿ, ಸುಣ್ಣ ಬಳಿದ ಗೋಡೆಯ ಮುಂದೆ ತೆಗೆದ ಚಿತ್ರಗಳೇ ನಮಗೆ ಎಲ್ಲಕ್ಕಿಂತ ಚೆನ್ನಾಗಿ ಬಂದವು. ಟ್ಯೂಬ್‌ಲೈಟಿನ ಬೆಳಕಿನಲ್ಲಿ ದಾಳಿಂಬೆ ಕೆಂಪು ಕಂದು ಬಣ್ಣವಾಗಿ ಕಾಣುತ್ತದೆ, ಸೀರೆ ಕೈ ಸೇರಿದ ಮೇಲೆ ಗಿರಾಕಿ ‘ಇದು ಆ ಬಣ್ಣವಲ್ಲ’ ಎನ್ನುತ್ತಾರೆ. ಪ್ರತಿ ಸೀರೆಗೂ ಪೂರ್ತಿ ಸೆರಗು, ಅಂಚು, ಹಿಂಬದಿ ಮತ್ತು ಸೆರಗು ಮೈಗೆ ಕೂಡುವ ಜಾಗದ ಹತ್ತಿರದ ಚಿತ್ರ ಇರಲಿ. ಆ ಕೂಡುವ ಜಾಗದಲ್ಲಿ ಕೊಂಡಿಗಳ ಸಾಲು ಬೆರಳಿಗೆ ತುಸು ಉಬ್ಬಾಗಿ ಸಿಗುತ್ತದೆ, ಚಿತ್ರದಲ್ಲಿ ಸಣ್ಣ ಗೆರೆಯಂತೆ ಕಾಣುತ್ತದೆ. ಸೀರೆ ಬಲ್ಲವರು ಮೊದಲು ನೋಡುವುದೇ ಅದನ್ನು.

ವಿವರದಲ್ಲಿ ಹಾಸು ಯಾವುದು, ಹೊಕ್ಕು (ಅಡ್ಡಕ್ಕೆ ಹಾಯುವ ಎಳೆ) ಯಾವುದು, ಸೆರಗು ರೇಷ್ಮೆಯೋ ಚಮಕಾ (ಕೃತಕ ರೇಷ್ಮೆ) ನೂಲಿನದೋ, ಉದ್ದ ಎಷ್ಟು, ಕುಪ್ಪಸದ ಬಟ್ಟೆ ಸೇರಿದೆಯೇ, ಮೊದಲ ಸಲ ಹೇಗೆ ಒಗೆಯಬೇಕು ಎಂಬುದನ್ನು ಬರೆಯಿರಿ. ಕೈಮಗ್ಗದ್ದನ್ನು ಕೈಮಗ್ಗದ್ದೆಂದೂ ವಿದ್ಯುತ್ ಮಗ್ಗದ್ದನ್ನು ವಿದ್ಯುತ್ ಮಗ್ಗದ್ದೆಂದೂ ಸ್ಪಷ್ಟವಾಗಿ ಹೇಳಬೇಕು. ಈ ಒಂದು ವಿಷಯದಲ್ಲಿ ಮಾಡುವ ಮೋಸ ಊರಿನ ಎಲ್ಲ ನೇಕಾರರ ಹೊಟ್ಟೆಯ ಮೇಲೆ ಹೊಡೆಯುತ್ತದೆ. ಕೈಮಗ್ಗದ್ದೆಂದು ಸಾರುವ ಸರ್ಕಾರಿ ಗುರುತಾದ ಹ್ಯಾಂಡ್‌ಲೂಮ್ ಮಾರ್ಕ್ ಇದ್ದರೆ ಅದರ ಚಿತ್ರವನ್ನೂ ಹಾಕಿ.

ಹಣ ಪಡೆಯುವ ದಾರಿಗಳು

ಗಿರಾಕಿ ಹಣ ಕಟ್ಟುವ ವಿಧಾನಗಳಲ್ಲಿ ಮೊದಲಿನದು ನೇರ ಯುಪಿಐ. ಬ್ಯಾಂಕ್ ಅಥವಾ ಫೋನ್‌ಪೇ, ಪೇಟಿಎಂನಂಥ ಆ್ಯಪ್‌ನಿಂದ ವ್ಯಾಪಾರಿಯಾಗಿ ನೋಂದಾಯಿಸಿಕೊಂಡು ಕ್ಯೂಆರ್ ಕೋಡ್ ಪಡೆಯುವುದು. 2020ರ ಜನವರಿ 1ರಿಂದ ಯುಪಿಐ ಮತ್ತು ರುಪೇ ಡೆಬಿಟ್ ಕಾರ್ಡ್ ಪಾವತಿಗಳಿಗೆ ವ್ಯಾಪಾರಿಯಿಂದ ಶುಲ್ಕ ಪಡೆಯುವಂತಿಲ್ಲವಾದ್ದರಿಂದ ಹಣ ಪೂರ್ತಿಯಾಗಿ ಬರುತ್ತದೆ. ಆದರೆ ಗೋಡೆಗೆ ಅಂಟಿಸುವಂಥ ಸ್ಥಿರ ಕ್ಯೂಆರ್ ಕೋಡ್‌ಗೆ ಯಾವ ಆರ್ಡರಿಗೆ ಹಣ ಬಂತೆಂಬುದು ಗೊತ್ತಿರುವುದಿಲ್ಲ. ಒಂದೇ ದಿನ ₹1,850ರ ಮೂರು ಸೀರೆ ಹೋದರೆ ಯಾರು ಕಟ್ಟಿದರು, ಯಾರು ಕಟ್ಟಿಲ್ಲ ಎಂದು ಹೆಸರು ಹಿಡಿದು ಹುಡುಕಬೇಕಾಗುತ್ತದೆ.

ಅದಕ್ಕಾಗಿಯೇ ಪಾವತಿ ಕಂಪನಿಗಳಿರುವುದು. ರೇಜರ್‌ಪೇ, ಕ್ಯಾಶ್‌ಫ್ರೀ, ಪೇಯು, ಸಿಸಿಅವೆನ್ಯೂ ಮುಂತಾದವು ಯುಪಿಐ, ಕಾರ್ಡ್, ನೆಟ್‌ಬ್ಯಾಂಕಿಂಗ್, ವಾಲೆಟ್ ಎಲ್ಲವನ್ನೂ ಒಂದೇ ಕಿಟಕಿಯಲ್ಲಿ ತಂದು, ಆಯಾ ಆರ್ಡರಿನ ಸಂಖ್ಯೆಗೂ ಮೊತ್ತಕ್ಕೂ ಕಟ್ಟಿಹಾಕಿದ ಕ್ಯೂಆರ್ ಕೋಡ್ ತೋರಿಸುತ್ತವೆ. ಇಂಥ ಕಂಪನಿಗಳು ರಿಸರ್ವ್ ಬ್ಯಾಂಕಿನ ಅನುಮತಿ ಪಡೆದಿರಬೇಕು ಮತ್ತು ಗಿರಾಕಿಯ ಹಣವನ್ನು ತಮ್ಮ ಸ್ವಂತ ಹಣದಿಂದ ಬೇರೆಯಾಗಿ ಎಸ್ಕ್ರೋ ಖಾತೆಯಲ್ಲಿ ಇಡಬೇಕು. ಅನುಮತಿ ಪಡೆದವರ ಪಟ್ಟಿ ರಿಸರ್ವ್ ಬ್ಯಾಂಕಿನ ತಾಣದಲ್ಲಿದೆ. ಹೆಸರು ಕೇಳದ ಕಂಪನಿಯೊಂದು ‘ನಮ್ಮದು ಬರೀ ಅರ್ಧ ಶೇಕಡಾ’ ಎಂದು ಕರೆ ಮಾಡಿದಾಗ ಮೊದಲು ಆ ಪಟ್ಟಿ ತೆರೆದು ನೋಡಿ.

ಶುಲ್ಕದ ಲೆಕ್ಕವನ್ನು ಒಂದು ಸೀರೆಯಿಂದ ನೋಡೋಣ. ₹3,200ರ ಸೀರೆಗೆ ಗಿರಾಕಿ ಕಾರ್ಡ್‌ನಿಂದ ಹಣ ಕಟ್ಟಿದರು, ಕಂಪನಿಯ ಶುಲ್ಕ 2% ಎಂದಿಟ್ಟುಕೊಳ್ಳಿ. ಶುಲ್ಕ ₹64. ಆ ಶುಲ್ಕದ ಮೇಲೆ 18% ಜಿಎಸ್‌ಟಿ, ಅಂದರೆ ₹11.52. ಒಟ್ಟು ₹75.52 ಕಡಿತವಾಗಿ ₹3,124.48 ನಿಮ್ಮ ಖಾತೆಗೆ ಬರುತ್ತದೆ. ಯುಪಿಐಗೆ ಶುಲ್ಕವಿಲ್ಲವೆಂಬ ನಿಯಮವಿದ್ದರೂ ಕೆಲವು ಕಂಪನಿಗಳು ತಮ್ಮ ಸೇವೆಗೆಂದು ಪ್ರತ್ಯೇಕ ಹಣ ಪಡೆಯುತ್ತವೆ. ಒಪ್ಪಂದದಲ್ಲಿ ಯುಪಿಐ, ಡೆಬಿಟ್ ಕಾರ್ಡ್, ಕ್ರೆಡಿಟ್ ಕಾರ್ಡ್, ವಿದೇಶಿ ಕಾರ್ಡ್ ಒಂದೊಂದಕ್ಕೂ ದರ ಎಷ್ಟೆಂದು ಬರಹದಲ್ಲಿ ಕೇಳಿ ಪಡೆಯಿರಿ. ಹಣ ಸಾಮಾನ್ಯವಾಗಿ ಎರಡು ಮೂರು ಕೆಲಸದ ದಿನಗಳ ನಂತರ, ಹಲವು ಆರ್ಡರುಗಳದ್ದು ಒಟ್ಟಾಗಿ ಬರುತ್ತದೆ. ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಒಂದೇ ಸಾಲು ಕಾಣುತ್ತದೆಯೇ ಹೊರತು ಯಾವ ಸೀರೆಯದ್ದೆಂದು ಕಾಣುವುದಿಲ್ಲ ಎಂಬುದನ್ನು ನೆನಪಿಡಿ. ಲೆಕ್ಕದ ಭಾಗದಲ್ಲಿ ಈ ವಿಷಯಕ್ಕೆ ಮತ್ತೆ ಬರುತ್ತೇನೆ.

ಗಿರಾಕಿಯ ಕಾರ್ಡ್ ಸಂಖ್ಯೆಯನ್ನು ಯಾವ ಕಾರಣಕ್ಕೂ ನೀವು ಕೇಳಬಾರದು, ಬರೆದಿಟ್ಟುಕೊಳ್ಳಬಾರದು. 2022ರ ಅಕ್ಟೋಬರ್ 1ರಿಂದ ವ್ಯಾಪಾರಿಗಳು ಕಾರ್ಡ್ ವಿವರಗಳನ್ನು ಸಂಗ್ರಹಿಸಿಡುವಂತಿಲ್ಲ. ಕಾರ್ಡ್ ಸಂಖ್ಯೆಯ ಬದಲಿಗೆ ಬ್ಯಾಂಕು ಅಥವಾ ಕಾರ್ಡ್ ಜಾಲ ಕೊಡುವ ಸಂಕೇತವನ್ನು (ಟೋಕನ್) ಮಾತ್ರ ಬಳಸಬಹುದು. ಪಾವತಿ ಕಂಪನಿಯ ಕಿಟಕಿಯಲ್ಲಿಯೇ ಎಲ್ಲ ವಿವರ ತುಂಬಿಸಿಕೊಂಡರೆ ಈ ಹೊಣೆ ನಿಮ್ಮ ಮೇಲೆ ಬರುವುದಿಲ್ಲ.

ಜೋಡಣೆ ಮತ್ತು ಪರೀಕ್ಷೆ

ವೂಕಾಮರ್ಸ್‌ನಲ್ಲಿ ಪಾವತಿ ಕಂಪನಿಯ ಪ್ಲಗಿನ್ (ಅಂಗಡಿಗೆ ಜೋಡಿಸುವ ಸಣ್ಣ ತಂತ್ರಾಂಶ) ಹಾಕಿದ ಮೇಲೆ ಎರಡು ಕೀಲಿಗಳನ್ನು ತುಂಬಬೇಕು. ಒಂದು ಗುರುತಿನ ಕೀಲಿ, ಇನ್ನೊಂದು ರಹಸ್ಯ ಕೀಲಿ. ರಹಸ್ಯ ಕೀಲಿಯನ್ನು ವಾಟ್ಸಾಪ್‌ನಲ್ಲಿ ಯಾರಿಗೂ ಕಳುಹಿಸಬೇಡಿ, ತಾಣ ಕಟ್ಟಿಕೊಡುವ ಹುಡುಗ ಕೇಳಿದರೂ ಎದುರಿಗೆ ಕೂತು ನೀವೇ ಹಾಕಿ. ಎರಡೂ ಕೀಲಿಗಳು ಪರೀಕ್ಷಾ ಹಂತಕ್ಕೆ ಒಂದು ಜೊತೆ, ನಿಜವಾದ ವ್ಯಾಪಾರಕ್ಕೆ ಇನ್ನೊಂದು ಜೊತೆ ಇರುತ್ತವೆ. ಪರೀಕ್ಷೆಯ ಕೀಲಿಯಿಂದ ಯಶಸ್ವಿ ಪಾವತಿ, ವಿಫಲ ಪಾವತಿ, ಅರ್ಧಕ್ಕೆ ಬಿಟ್ಟ ಪಾವತಿ ಮೂರನ್ನೂ ಮಾಡಿ ನೋಡಬೇಕು. ಕೆಲವು ಕಂಪನಿಗಳ ವ್ಯವಸ್ಥೆಯಲ್ಲಿ ಮೊತ್ತವನ್ನು ಪೈಸೆಯಲ್ಲಿ ಕೊಡಬೇಕು, ₹500 ಎಂದರೆ 50000. ಕೈಯಾರೆ ಬರೆದ ಕೋಡ್ ಬಳಸುವವರು ಇದನ್ನು ಮರೆತರೆ ₹3,200ರ ಸೀರೆ ₹32ಕ್ಕೆ ಹೋಗುತ್ತದೆ.

ಇನ್ನು ವೆಬ್‌ಹುಕ್. ಈ ಮಾರ್ಗದರ್ಶಿಯಲ್ಲಿ ಒಂದೇ ವಿಷಯವನ್ನು ನೆನಪಿಡುವುದಾದರೆ ಇದನ್ನು ನೆನಪಿಡಿ. ಹಣ ಕಟ್ಟಿದ ಗಿರಾಕಿ ಮತ್ತೆ ಅಂಗಡಿಯ ಪುಟಕ್ಕೆ ಮರಳಿದಾಗ ಆರ್ಡರ್ ‘ಪಾವತಿಯಾಗಿದೆ’ ಎಂದು ಬದಲಾಗುತ್ತದೆ. ಆದರೆ ಮೊಬೈಲ್‌ನಲ್ಲಿ ಯುಪಿಐ ಆ್ಯಪ್‌ಗೆ ಹೋದವರು ಎಷ್ಟೋ ಸಲ ಮರಳಿ ಬರುವುದೇ ಇಲ್ಲ; ಹಣ ಹೋಯಿತೆಂಬ ಸಂದೇಶ ಕಂಡ ಕೂಡಲೇ ಫೋನ್ ಕೆಳಗಿಡುತ್ತಾರೆ, ಅಥವಾ ನೆಟ್‌ವರ್ಕ್ ಹೋಗುತ್ತದೆ. ಆಗ ಹಣ ಬಂದಿರುತ್ತದೆ, ಆರ್ಡರ್ ಮಾತ್ರ ‘ಪಾವತಿ ಬಾಕಿ’ ಎಂದೇ ನಿಂತಿರುತ್ತದೆ. ವೆಬ್‌ಹುಕ್ ಎಂದರೆ ಗಿರಾಕಿಯ ಮೊಬೈಲ್ ಅನ್ನು ನೆಚ್ಚದೆ ಪಾವತಿ ಕಂಪನಿಯ ಕಂಪ್ಯೂಟರ್ ನೇರವಾಗಿ ನಮ್ಮ ತಾಣಕ್ಕೆ ‘ಈ ಆರ್ಡರಿನ ಹಣ ಬಂದಿದೆ’ ಎಂದು ತಿಳಿಸುವ ವ್ಯವಸ್ಥೆ. ಕಂಪನಿಯ ಡ್ಯಾಶ್‌ಬೋರ್ಡ್‌ನಲ್ಲಿ (ಅವರ ತಾಣದಲ್ಲಿ ನಮ್ಮ ವಹಿವಾಟು ನೋಡಿಕೊಳ್ಳುವ ಪುಟ) ನಮ್ಮ ತಾಣದ ವಿಳಾಸವನ್ನೂ ಒಂದು ಗುಪ್ತ ಪದವನ್ನೂ ತುಂಬಿದರೆ ಇದು ಚಾಲೂ ಆಗುತ್ತದೆ. ಹತ್ತು ನಿಮಿಷದ ಕೆಲಸ.

ಆ ಹತ್ತು ನಿಮಿಷದ ಕೆಲಸವನ್ನು ನಾನು ಮುಂದಕ್ಕೆ ಹಾಕಿದ್ದೆ. ಅಂಗಡಿ ತೆರೆದ ಎರಡನೆಯ ತಿಂಗಳು, ಯುಗಾದಿಯ ಹಿಂದಿನ ವಾರ, ಧಾರವಾಡದ ಗಿರಾಕಿಯೊಬ್ಬರು ನವಿಲು ಬಣ್ಣದ ಗೋಮಿ ಅಂಚಿನ ಸೀರೆಗೆ ಹಣ ಕಟ್ಟಿ ಪುಟ ಮುಚ್ಚಿದರು. ವೂಕಾಮರ್ಸ್ ಹಣ ಬಾರದ ಆರ್ಡರನ್ನು 60 ನಿಮಿಷ ಹಿಡಿದಿಟ್ಟು ಆಮೇಲೆ ರದ್ದು ಮಾಡಿ ವಸ್ತುವನ್ನು ಮತ್ತೆ ಮಾರಾಟಕ್ಕೆ ಬಿಡುತ್ತದೆ. ಅಂದೇ ಸಂಜೆ ಅದೇ ಸೀರೆಯನ್ನು ಇನ್ನೊಬ್ಬರು ಕೊಂಡರು. ಕೈಮಗ್ಗದಲ್ಲಿ ಅಂಥ ಸೀರೆ ಇದ್ದದ್ದೇ ಒಂದು. ಮರುದಿನ ಧಾರವಾಡದಿಂದ ಫೋನ್ ಬಂತು: ‘ಅಕ್ಕಾರ, ರೊಕ್ಕ ಕಟ್ಟೀನ್ರಿ, ಆರ್ಡರ್ ರದ್ದಾಗೇತಿ ಅಂತ ಮೆಸೇಜ್ ಬಂದೇತಿ.’ ಚಿಗವ್ವ ಕ್ಷಮೆ ಕೇಳಿ, ಹಣ ವಾಪಸ್ ಬೇಕೋ ಅದೇ ಬಣ್ಣದ್ದು ನೇಯ್ದು ಕೊಡಲೋ ಎಂದು ಕೇಳಿದರು. ಅವರು ಕಾಯುತ್ತೇನೆ ಎಂದದ್ದು ಅವರ ದೊಡ್ಡತನ. ಅಂದೇ ರಾತ್ರಿ ವೆಬ್‌ಹುಕ್ ಜೋಡಿಸಿದೆ.

ಪ್ರತಿ ಸೀರೆಯ ದಾಸ್ತಾನನ್ನು 1 ಎಂದು ಹಾಕಿ, ದಾಸ್ತಾನು ಮುಗಿದ ಮೇಲೆ ಆರ್ಡರ್ ಸ್ವೀಕರಿಸದಂತೆ ಮಾಡುವುದನ್ನೂ ಬಿಡಬಾರದು. ಅಂಗಡಿ ತೆರೆಯುವ ಹಿಂದಿನ ದಿನ ನಿಜವಾದ ಕೀಲಿಗಳನ್ನು ಹಾಕಿ, ₹10ರ ಒಂದು ವಸ್ತುವನ್ನು ನೀವೇ ಯುಪಿಐನಿಂದ ಕೊಂಡು, ಬೇಕೆಂದೇ ಪುಟ ಮುಚ್ಚಿ, ಆರ್ಡರ್ ತಾನಾಗಿಯೇ ಬದಲಾಗುತ್ತದೆಯೇ ನೋಡಿ. ಆಮೇಲೆ ಆ ಹಣವನ್ನು ಡ್ಯಾಶ್‌ಬೋರ್ಡ್‌ನಿಂದಲೇ ಹಿಂದಿರುಗಿಸಿ ನೋಡಿ.

ನಿಯಮದ ಪುಟಗಳು ಮತ್ತು ಹಣ ವಾಪಸಾತಿ

ಹಣ ವಾಪಸಾತಿ, ರವಾನೆ, ಖಾಸಗಿತನ, ಷರತ್ತುಗಳು, ಸಂಪರ್ಕ ಎಂಬ ಪುಟಗಳಿಲ್ಲದ ತಾಣಕ್ಕೆ ಪಾವತಿ ಕಂಪನಿಗಳು ಅನುಮತಿ ಕೊಡುವುದಿಲ್ಲ. ಬೇರೆ ತಾಣದಿಂದ ನಕಲು ಮಾಡಿ ಹಾಕುವವರು ಬಹಳ. ದಯವಿಟ್ಟು ಹಾಗೆ ಮಾಡಬೇಡಿ. ಜಗಳ ಬಂದಾಗ ಆ ಪುಟದಲ್ಲಿ ಬರೆದದ್ದೇ ನಿಮ್ಮ ಮಾತೆಂದು ಪರಿಗಣಿಸಲಾಗುತ್ತದೆ. 2020ರ ಗ್ರಾಹಕ ಸಂರಕ್ಷಣೆ ಇ-ವಾಣಿಜ್ಯ ನಿಯಮಗಳ ಪ್ರಕಾರ ಮಾರಾಟಗಾರರ ಹೆಸರು, ವಿಳಾಸ, ಕುಂದುಕೊರತೆ ಅಧಿಕಾರಿಯ ವಿವರ ತಾಣದಲ್ಲಿ ಕಾಣಬೇಕು. ದೂರು ಬಂದ 48 ಗಂಟೆಗಳೊಳಗೆ ಸ್ವೀಕೃತಿ ಕೊಟ್ಟು ಒಂದು ತಿಂಗಳೊಳಗೆ ಪರಿಹರಿಸಬೇಕು. ದೋಷವಿರುವ ಅಥವಾ ತೋರಿಸಿದ್ದಕ್ಕಿಂತ ಬೇರೆಯಾದ ವಸ್ತುವನ್ನು ಹಿಂದಕ್ಕೆ ಪಡೆಯುವುದಿಲ್ಲವೆನ್ನುವಂತಿಲ್ಲ.

ನಮ್ಮ ಪುಟದಲ್ಲಿ ಸರಳವಾಗಿ ಹೀಗೆ ಬರೆದಿದ್ದೇವೆ: ಸೀರೆ ತಲುಪಿದ ಏಳು ದಿನಗಳೊಳಗೆ ತಿಳಿಸಿದರೆ, ಒಗೆಯದೆ ಉಡದೆ ಇದ್ದರೆ ಹಿಂದಕ್ಕೆ ಪಡೆಯುತ್ತೇವೆ, ನಮ್ಮ ತಪ್ಪಿದ್ದರೆ ರವಾನೆಯ ಖರ್ಚು ನಮ್ಮದು. ಹಣವನ್ನು ಯಾವಾಗಲೂ ಗಿರಾಕಿ ಕಟ್ಟಿದ ದಾರಿಯಿಂದಲೇ, ಡ್ಯಾಶ್‌ಬೋರ್ಡ್‌ನಿಂದಲೇ ವಾಪಸ್ ಮಾಡಬೇಕು. ‘ಬೇರೆ ನಂಬರಿಗೆ ಹಾಕಿಬಿಡಿ’ ಎಂದು ಕೇಳಿದರೆ ಒಪ್ಪಬಾರದು. ಹಾಗೆ ಕೊಟ್ಟ ಮೇಲೆ ಅವರು ಬ್ಯಾಂಕಿನಲ್ಲಿಯೂ ತಕರಾರು ಹೂಡಿದರೆ ಎರಡು ಸಲ ಹಣ ಕಳೆದುಕೊಳ್ಳಬೇಕಾಗುತ್ತದೆ. ವಾಪಸ್ ಮಾಡಿದಾಗ ಮೊದಲು ಕಡಿತವಾದ ಶುಲ್ಕ ಸಾಮಾನ್ಯವಾಗಿ ನಮಗೆ ಮರಳುವುದಿಲ್ಲ.

ಗಿರಾಕಿಯ ಖಾತೆಯಿಂದ ಹಣ ಕಡಿತವಾಗಿ ನಮಗೆ ಬಾರದಿದ್ದಾಗ ಅವರು ಗಾಬರಿಯಾಗುವುದು ಸಹಜ. ರಿಸರ್ವ್ ಬ್ಯಾಂಕಿನ 2019ರ ಸುತ್ತೋಲೆಯ ಪ್ರಕಾರ ವ್ಯಾಪಾರಿಗೆ ಕಟ್ಟಿದ ಯುಪಿಐ ಹಣ ಹೀಗೆ ಸಿಕ್ಕಿಬಿದ್ದರೆ ವಹಿವಾಟಿನ ನಂತರದ ಐದು ದಿನಗಳೊಳಗೆ ತಾನಾಗಿಯೇ ಗಿರಾಕಿಗೆ ಮರಳಬೇಕು; ತಡವಾದರೆ ದಿನಕ್ಕೆ ₹100 ಪರಿಹಾರವಿದೆ. ಇದನ್ನು ಸಮಾಧಾನದಿಂದ ವಿವರಿಸಿ ಹೇಳಿದರೆ ಅರ್ಧ ಜಗಳ ಅಲ್ಲಿಯೇ ಮುಗಿಯುತ್ತದೆ.

ರವಾನೆ

ಸೀರೆಯ ತೂಕ 600 ಗ್ರಾಂ ಇರಬಹುದು, ಆದರೆ ಹಲವು ಕೊರಿಯರ್ ಕಂಪನಿಗಳು ಪೆಟ್ಟಿಗೆಯ ಗಾತ್ರದಿಂದಲೂ ತೂಕ ಕಟ್ಟುತ್ತವೆ: ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ 5000ದಿಂದ ಭಾಗಿಸಿ, ಎರಡರಲ್ಲಿ ಹೆಚ್ಚಿನದಕ್ಕೆ ಹಣ ಪಡೆಯುತ್ತವೆ. 35, 28, 8 ಸೆಂಟಿಮೀಟರ್‌ನ ರಟ್ಟಿನ ಪೆಟ್ಟಿಗೆ 1.568 ಕಿಲೋ ಆಗುತ್ತದೆ. ಅದೇ ಸೀರೆಯನ್ನು 3 ಸೆಂಟಿಮೀಟರ್ ದಪ್ಪದ ಗಟ್ಟಿ ಲಕೋಟೆಯಲ್ಲಿ ಹಾಕಿದರೆ 588 ಗ್ರಾಂ. ಒಳಗೆ ಹಳೆಯ ಹತ್ತಿ ಬಟ್ಟೆ, ಅದರ ಮೇಲೆ ನೀರು ತಾಗದ ಹಾಳೆ ಸುತ್ತಿದರೆ ಸಾಕು. ಹಳ್ಳಿಗಳಿಗೆ ಇಂದಿಗೂ ಅಂಚೆಯ ಸ್ಪೀಡ್ ಪೋಸ್ಟ್‌ನಷ್ಟು ನಂಬಿಕಸ್ಥ ದಾರಿ ನನಗೆ ಕಂಡಿಲ್ಲ.

ಸೀರೆ ತಲುಪಿದ ಮೇಲೆ ಹಣ ಕೊಡುವ ವ್ಯವಸ್ಥೆಯನ್ನು ಗಿರಾಕಿಗಳು ಕೇಳುತ್ತಾರೆ. ಬಾಗಿಲಲ್ಲಿ ಬೇಡವೆಂದರೆ ಹೋಗುವ, ಬರುವ ಎರಡೂ ಖರ್ಚು ನಮ್ಮ ತಲೆಗೆ. ಪೂರ್ತಿ ನಿರಾಕರಿಸುವುದಕ್ಕಿಂತ ₹200 ಮುಂಗಡ ಪಡೆದು ಉಳಿದದ್ದನ್ನು ಬಾಗಿಲಲ್ಲಿ ಪಡೆಯುವುದು ನಮಗೆ ಒಗ್ಗಿತು. ಮುಂಗಡ ಕೊಟ್ಟವರು ಸೀರೆಯನ್ನು ತಿರಸ್ಕರಿಸಿದ್ದು ಬಹಳ ಕಡಿಮೆ. ವಿದೇಶದಲ್ಲಿರುವ ಕನ್ನಡಿಗರಿಂದ ಬೇಡಿಕೆ ಬಂದರೆ ಅದು ರಫ್ತು: ಆಮದು ರಫ್ತು ಸಂಕೇತ ಸಂಖ್ಯೆ ಬೇಕು, ಪಾವತಿ ಕಂಪನಿಯಲ್ಲಿ ವಿದೇಶಿ ಕಾರ್ಡ್‌ಗೆ ಪ್ರತ್ಯೇಕ ಅನುಮತಿ ಬೇಕು. ಅಂಚೆ ಇಲಾಖೆಯ ಡಾಕ್ ಘರ್ ನಿರ್ಯಾತ್ ಕೇಂದ್ರಗಳು ಸಣ್ಣ ರಫ್ತುದಾರರಿಗೆಂದೇ ಇವೆ.

ಮೋಸದಿಂದ ಕಾಪಾಡಿಕೊಳ್ಳುವುದು

ಸಂಜೆ ಏಳರ ಹೊತ್ತಿಗೆ, ಮಗ್ಗದಿಂದ ಎದ್ದು ಒಲೆಯ ಮುಂದೆ ಕೂತಿದ್ದಾಗ ಚಿಗವ್ವನ ಫೋನಿಗೆ ಒಂದು ಚಿತ್ರ ಬಂತು. ಹಸಿರು ಗುರುತು, ₹4,600, ದಿನಾಂಕ, ವಹಿವಾಟಿನ ಸಂಖ್ಯೆ ಎಲ್ಲವೂ ಇದ್ದ ಪಾವತಿಯ ಸ್ಕ್ರೀನ್‌ಶಾಟ್. ಹಿಂದೆಯೇ, ‘ಅಕ್ಕಾ, ಮದುವೆಗೆ ಅರ್ಜೆಂಟ್ ಇದೆ, ಇವತ್ತೇ ಕೊರಿಯರ್ ಮಾಡಿ’ ಎಂಬ ಮಾತು. ಚಿಗವ್ವ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: ‘ನಮ್ಮ ಖಾತೆಗೆ ಬಂದೇತೇನು?’ ಬಂದಿರಲಿಲ್ಲ. ವಹಿವಾಟಿನ ಸಂಖ್ಯೆ 12 ಅಂಕಿಗಳಿರಬೇಕಾದಲ್ಲಿ 11 ಇದ್ದವು. ಅಂದಿನಿಂದ ನಮ್ಮ ಮನೆಯ ನಿಯಮ ಇದು: ಸ್ಕ್ರೀನ್‌ಶಾಟ್ ನೋಡಿ ಸೀರೆ ಕಟ್ಟುವುದಿಲ್ಲ, ಖಾತೆ ನೋಡಿ ಕಟ್ಟುತ್ತೇವೆ.

ಹಣ ಪಡೆಯಲು ಯುಪಿಐ ಪಿನ್ ಬೇಕಿಲ್ಲ, ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡುವುದೂ ಬೇಕಿಲ್ಲ. ಪಿನ್ ಒತ್ತಿದರೆ ಹಣ ಹೋಗುತ್ತದೆ ಎಂಬುದನ್ನು ಮನೆಯ ಪ್ರತಿಯೊಬ್ಬರಿಗೂ ಹೇಳಿಕೊಡಿ. ತಪ್ಪಿ ಹೆಚ್ಚು ಹಣ ಹಾಕಿದೆ, ಉಳಿದದ್ದನ್ನು ಹಿಂದಿರುಗಿಸಿ ಎಂದು ಕರೆ ಬಂದರೆ ಮೊದಲು ಬ್ಯಾಂಕಿನ ಖಾತೆ ನೋಡಬೇಕು. ಹಣ ಕಳೆದುಕೊಂಡರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಮೊದಲ ಕೆಲವು ಗಂಟೆಗಳಲ್ಲಿ ತಿಳಿಸಿದರೆ ಹಣವನ್ನು ದಾರಿಯಲ್ಲಿಯೇ ತಡೆಯುವ ಸಾಧ್ಯತೆ ಹೆಚ್ಚು.

ಸಂಜೆಯ ಲೆಕ್ಕ

ಪಾಸ್‌ಬುಕ್ಕಿನ ಒಂದು ಸಾಲಿನಲ್ಲಿ ಹಲವು ಸೀರೆಗಳ ಹಣ ಬರುತ್ತದೆ ಎಂದೆನಲ್ಲ, ಅದನ್ನು ಬಿಡಿಸಲು ಪಾವತಿ ಕಂಪನಿಯ ಡ್ಯಾಶ್‌ಬೋರ್ಡ್‌ನಲ್ಲಿ ಇತ್ಯರ್ಥದ (ಸೆಟಲ್‌ಮೆಂಟ್) ವರದಿ ಸಿಗುತ್ತದೆ. ಯಾವ ಆರ್ಡರ್, ಎಷ್ಟು ಮೊತ್ತ, ಶುಲ್ಕವೆಷ್ಟು, ಅದರ ಮೇಲಿನ ಜಿಎಸ್‌ಟಿ ಎಷ್ಟು, ಯಾವ ದಿನ ಬ್ಯಾಂಕಿಗೆ ಕಳುಹಿಸಿದರು ಎಂಬುದೆಲ್ಲ ಅದರಲ್ಲಿದೆ. ನಾವು ಒಂದು ಉದ್ದನೆಯ ನೋಟ್‌ಬುಕ್ಕಿನಲ್ಲಿ ಆರು ಕಾಲಂ ಎಳೆದಿದ್ದೇವೆ: ಆರ್ಡರ್ ಸಂಖ್ಯೆ, ಸೀರೆ, ಗಿರಾಕಿ ಕಟ್ಟಿದ್ದು, ಕಡಿತವಾದದ್ದು, ಬ್ಯಾಂಕಿಗೆ ಬಂದದ್ದು, ಬಂದ ದಿನ. ಕಂಪ್ಯೂಟರ್‌ನಲ್ಲಿಯೂ ಇದೆ, ಆದರೆ ಚಿಗವ್ವನಿಗೆ ಕೈಬರಹದ ಪುಸ್ತಕದ ಮೇಲೆಯೇ ಭರವಸೆ, ಮತ್ತು ಎರಡು ಸಲ ಕಂಪ್ಯೂಟರಿನ ತಪ್ಪನ್ನು ಹಿಡಿದದ್ದು ಆ ಪುಸ್ತಕವೇ.

ವರ್ಷದ ಕೊನೆಗೆ ಆದಾಯ ತೆರಿಗೆಯ ಲೆಕ್ಕಕ್ಕೂ ಇದೇ ಪುಸ್ತಕ ಆಧಾರ. ಸಣ್ಣ ವ್ಯಾಪಾರಿಗಳಿಗಿರುವ ಅಂದಾಜು ಆದಾಯದ ಪದ್ಧತಿಯಲ್ಲಿ ಬ್ಯಾಂಕ್ ಮತ್ತು ಡಿಜಿಟಲ್ ಮೂಲಕ ಬಂದ ವಹಿವಾಟಿನ ಕನಿಷ್ಠ 6%, ನಗದಾಗಿ ಬಂದದ್ದರ ಕನಿಷ್ಠ 8% ಲಾಭವೆಂದು ತೋರಿಸಬಹುದು. ಇಲ್ಲಿ ವಹಿವಾಟು ಎಂದರೆ ಗಿರಾಕಿ ಕಟ್ಟಿದ ₹3,200, ಖಾತೆಗೆ ಬಂದ ₹3,124.48 ಅಲ್ಲ. ಜಿಎಸ್‌ಟಿ ನೋಂದಣಿ ಇರುವವರು ಅದರೊಳಗಿನ ತೆರಿಗೆಯ ಭಾಗವನ್ನು ಬೇರೆ ಕಾಲಂನಲ್ಲಿ ಬರೆದಿಡಬೇಕು. ಆದ್ದರಿಂದಲೇ ಕಡಿತದ ಕಾಲಂ ಖಾಲಿ ಬಿಡಬಾರದು.

ದೀಪ ಹಚ್ಚಿದ ಮೇಲೆ ಹದಿನೈದು ನಿಮಿಷ ಈ ಪುಸ್ತಕಕ್ಕೆಂದು ಎತ್ತಿಡಿ. ಹಣ ಬಂದೂ ಸೀರೆ ಹೋಗದ ಆರ್ಡರ್ ಇದೆಯೇ, ಸೀರೆ ಹೋಗಿಯೂ ಹಣ ಬಾರದ್ದು ಇದೆಯೇ, ಮೂರು ಕೆಲಸದ ದಿನ ಕಳೆದರೂ ಬ್ಯಾಂಕಿಗೆ ಸೇರದ ಮೊತ್ತವಿದೆಯೇ ಎಂದು ಮೂರು ಸಲ ಮೇಲಿನಿಂದ ಕೆಳಗೆ ಬೆರಳಿಟ್ಟು ನೋಡಿ. ಮೂರನೆಯದು ಸಿಕ್ಕರೆ ಮರುದಿನ ಬೆಳಿಗ್ಗೆಯೇ ಇತ್ಯರ್ಥದ ಸಂಖ್ಯೆಯನ್ನು ಬರೆದು ಪಾವತಿ ಕಂಪನಿಗೆ ದೂರು ಕೊಡಿ, ದೂರಿನ ಸಂಖ್ಯೆಯನ್ನು ಅದೇ ಸಾಲಿನ ಪಕ್ಕದಲ್ಲಿ ಗುರುತು ಹಾಕಿಡಿ.